ಒಂದು ಗೋಡೆಯ ಪ್ರಶ್ನೆ

ನಮ್ಮ ಗೋರೆಗಾಂವ್ ಶಾಖೆಯ ಕೋಣೆಯ ಉದ್ದನೆಯ ಗೋಡೆಯನ್ನು ಚಿತ್ರ ಬರೆಯುವ ಹುಡುಗರಿಗೆ ತಿಂಗಳಲ್ಲಿ ಒಂದು ಭಾನುವಾರ ಬಿಟ್ಟುಕೊಡಬೇಕೆಂಬ ಸೂಚನೆ ಬಂದಾಗ ಕೆಲವು ಮಿತ್ರರು ನಕ್ಕರು. ಪಗಾರ, ರಜೆ, ಪ್ರಾವಿಡೆಂಟ್ ಫಂಡಿನ ಮಾತು ಬಿಟ್ಟು ಬಣ್ಣದ ಮಾತೇಕೆಂದು ಕೇಳಿದರು. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೂ ಎರಡು ಸಂಗತಿಗಳನ್ನು ಅವರ ಮುಂದಿಡಬೇಕಾಗಿದೆ.

1905ರಲ್ಲಿ, ಮೊದಲನೆಯ ಮಹಾಯುದ್ಧಕ್ಕೆ ಒಂಬತ್ತು ವರ್ಷ ಮುಂಚೆ, ಜರ್ಮನಿಯ ಡ್ರೆಸ್ಡೆನ್ ಪಟ್ಟಣದಲ್ಲಿ ಕಟ್ಟಡವಿದ್ಯೆ ಓದುತ್ತಿದ್ದ ಕಿರ್ಶ್ನರ್, ಹೆಕೆಲ್ ಮೊದಲಾದ ನಾಲ್ವರು ತರುಣರು ‘ಸೇತುವೆ’ ಎಂಬ ಹೆಸರಿನ ಗುಂಪು ಕಟ್ಟಿದರು. ಕಾರ್ಮಿಕರ ಕೇರಿಯ ಹಳೆಯ ಅಂಗಡಿಯೊಂದರಲ್ಲಿ ಅವರ ಕೆಲಸ. 1906ರಲ್ಲಿ ಚಿತ್ರಗಳನ್ನು ತೂಗುಹಾಕಿದ್ದು ದೀಪದ ಕಾರ್ಖಾನೆಯೊಂದರ ಮಳಿಗೆಯಲ್ಲಿ! ಚಿತ್ರ ಬರೆಯಲು ಬಾರದವರನ್ನೂ ಅವರು ಸದಸ್ಯರನ್ನಾಗಿ ಮಾಡಿಕೊಂಡರು. ವರ್ಷಕ್ಕೆ 12 ಮಾರ್ಕ್ ವಂತಿಗೆ; ಪ್ರತಿಯಾಗಿ ವರ್ಷಕ್ಕೊಮ್ಮೆ ಅಚ್ಚಿನ ಚಿತ್ರಗಳ ಒಂದು ಕಟ್ಟು. ರಸೀದಿ ಪುಸ್ತಕ ಹಿಡಿದು ಹೊಟೇಲಿನಿಂದ ಹೊಟೇಲಿಗೆ ತಿರುಗಿದ ನಮಗೆ ಇದು ಹೊಸದಲ್ಲ. 1913ರಲ್ಲಿ ಒಳಜಗಳದಿಂದ ಗುಂಪು ಒಡೆಯಿತು. ಅದೂ ನಮಗೆ ಹೊಸದಲ್ಲ.

ಇನ್ನೊಂದು ನಮ್ಮ ಮುಂಬಯಿಯದೇ ಸಂಗತಿ. 1947ರಲ್ಲಿ ಸೂಜಾ, ರಜಾ, ಹುಸೇನ್, ಆರಾ, ಗಾಡೆ, ಬಾಕ್ರೆ ಎಂಬ ಆರು ಮಂದಿ ಸೇರಿ ‘ಪ್ರೊಗ್ರೆಸಿವ್ ಆರ್ಟಿಸ್ಟ್ಸ್ ಗ್ರೂಪ್’ ಕಟ್ಟಿದರು. ಹುಸೇನರು ಸಿನಿಮಾ ಬೋರ್ಡು ಬರೆದು ಹೊಟ್ಟೆ ಹೊರೆದವರು. ಆರಾ ಅವರಂತೂ ಎಳೆಯ ವಯಸ್ಸಿನಲ್ಲೇ ಈ ಊರಿಗೆ ಓಡಿಬಂದು, ಮನೆಚಾಕರಿ ಮಾಡಿ, ಮೋಟಾರು ತೊಳೆದು ಬದುಕಿದವರು. ನಮ್ಮಲ್ಲಿ ಎಷ್ಟು ಮಂದಿ ಮಾಣಿಗಳು ಹೀಗೆಯೇ ಬಂದವರಲ್ಲ? ಆ ಮನುಷ್ಯನನ್ನು ಜೆ. ಜೆ. ಶಾಲೆಯಲ್ಲಿ ಕಲಿತ ಸೂಜಾ ತಮ್ಮ ಸರಿಸಮನಾಗಿ ಕೂರಿಸಿಕೊಂಡರು. ಗುಂಪು ಹತ್ತು ವರ್ಷವೂ ಬಾಳಲಿಲ್ಲ, ನಿಜ. ಆದರೆ ಮೋಟಾರು ತೊಳೆದ ಕೈಯ ಚಿತ್ರಗಳು ಇಂದಿಗೂ ದೊಡ್ಡ ದೊಡ್ಡ ಸಂಗ್ರಹಾಲಯಗಳಲ್ಲಿವೆ.

ಉಡುಪಿ ಕಡೆಯ ಕಟ್ಟಿಂಗೇರಿಯ ಹೆಬ್ಬಾರರು ಯಾವ ಗುಂಪಿನ ಹಂಗೂ ಇಲ್ಲದೆ ದೊಡ್ಡವರಾಗಲಿಲ್ಲವೇ ಎಂದು ಒಬ್ಬ ಮಿತ್ರರು ಕೇಳಿದರು. ಆದರು. ಆದರೆ ಅವರು ಜೆ. ಜೆ. ಶಾಲೆಯಲ್ಲಿ ಕಲಿತು, ಅಲ್ಲಿಯೇ ಪಾಠ ಹೇಳಿದವರು. ರಾತ್ರಿ ಹನ್ನೊಂದಕ್ಕೆ ಮೇಜು ಒರೆಸಿ, ಬಿಲ್ಲಿನ ಚೀಟಿಯ ಬೆನ್ನಿಗೆ ಗೆರೆ ಎಳೆಯುವ ನಮ್ಮ ಹುಡುಗನಿಗೆ ಆ ಬಾಗಿಲು ಎಲ್ಲಿದೆ? ನಮ್ಮ ನಾಟಕಕ್ಕೆ ಪರದೆ ಬರೆಯುವಾಗ ಮಾತ್ರ ಅವನು ನಮಗೆ ಬೇಕು.

ಮುಂದಿನ ಕಮಿಟಿ ಸಭೆಯಲ್ಲಿ ಈ ಸೂಚನೆಯನ್ನು ಮತ್ತೆ ತರುತ್ತೇವೆ. ಬಣ್ಣ, ಕಾಗದಕ್ಕೆಂದು ಸದಸ್ಯರು ತಿಂಗಳಿಗೆ ಒಂದು ಚಹಾದ ದುಡ್ಡು ಕೊಟ್ಟರೆ ಸಾಕು. ಮೊಳೆ ಹೊಡೆದರೆ ಗೋಡೆಯ ಸುಣ್ಣ ಉದುರೀತೆಂದು ಅಂಜುವವರು ಅಂಜಬೇಕಾಗಿಲ್ಲ. ಸುಣ್ಣ ಬಳಿಯುವ ಕೆಲಸ ನಮಗಿರಲಿ.