ಗಣಕಯಂತ್ರವನ್ನು ಗುಜರಿಗೆ ಹಾಕುವ ಮುನ್ನ

ಚಾಮರಾಜನಗರ, ಗುಂಡ್ಲುಪೇಟೆಗಳ ಅನೇಕ ಮನೆಗಳಲ್ಲಿ ಮಕ್ಕಳ ವ್ಯಾಸಂಗಕ್ಕೆಂದು ಕೊಂಡ ಹಳೆಯ ಗಣಕಯಂತ್ರಗಳಿವೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಹಳೆಯ ಯಂತ್ರಗಳಲ್ಲಿ ಹಲವು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಹಾಗೆಂದು ಸುಸ್ಥಿತಿಯಲ್ಲಿರುವ ಯಂತ್ರವನ್ನು ಗುಜರಿಗೆ ಹಾಕಬೇಕೆ?

ಬೇಕಿಲ್ಲವೆಂಬುದಕ್ಕೆ ನಿದರ್ಶನ ನಮ್ಮ ನೆರೆಯಲ್ಲೇ ಇದೆ. ಬಂಡೀಪುರದ ಕಾಡು ದಾಟಿದರೆ ಸಿಗುವ ವಯನಾಡಿನ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಗಣಕಪಾಠ ಕಲಿಯುವುದು ಲಿನಕ್ಸ್‌ನಲ್ಲಿ. ಕೇರಳ ಸರ್ಕಾರದ ಕೈಟ್ ಸಂಸ್ಥೆಯು ಅದನ್ನು ಶಾಲೆಗಳಿಗಾಗಿಯೇ ಅಣಿಗೊಳಿಸಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಬಳಸುತ್ತಾರೆ. ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂದಿಗೂ ಉಚಿತವಾಗಿ ದೊರೆಯುತ್ತದೆ.

ಮನೆಬಳಕೆಗೆ ಲಿನಕ್ಸ್ ಮಿಂಟ್ ಅನುಕೂಲಕರ. ಅದಕ್ಕೆ ಕನಿಷ್ಠ 2 ಜಿಬಿ ಮೆಮೊರಿ, ಹಾರ್ಡ್‌ಡಿಸ್ಕ್‌ನಲ್ಲಿ 20 ಜಿಬಿ ಜಾಗ ಬೇಕು. ಮೆಮೊರಿ 4 ಜಿಬಿ ಇದ್ದರೆ ಲೇಸು. ಅದರ ಐಎಸ್ಒ ಕಡತವನ್ನು ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. 8 ಜಿಬಿಯ ಪೆನ್‌ಡ್ರೈವ್ ಸಾಕು. ಅದರಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಮೊದಲೇ ಬರಿದು ಮಾಡಿಕೊಳ್ಳಿರಿ. ಕಡತವನ್ನು ಬರಿದೇ ನಕಲು ಮಾಡಿದರೆ ಯಂತ್ರ ಅದರಿಂದ ಎಚ್ಚರಗೊಳ್ಳದು. ರುಫಸ್ ಎಂಬ ಉಚಿತ ತಂತ್ರಾಂಶವನ್ನು ತೆರೆದು, ಪೆನ್‌ಡ್ರೈವನ್ನೂ ಐಎಸ್ಒ ಕಡತವನ್ನೂ ಆರಿಸಿ, ಸ್ಟಾರ್ಟ್ ಒತ್ತಬೇಕು. ಬಳಿಕ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿಯನ್ನೊತ್ತಿ ಪೆನ್‌ಡ್ರೈವನ್ನು ಆಯ್ದುಕೊಳ್ಳಬೇಕು. ಈ ಕೀಲಿಯು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗುತ್ತದೆ.

ಆಗ ಲಿನಕ್ಸ್ ಪೆನ್‌ಡ್ರೈವಿನಿಂದಲೇ ತೆರೆದುಕೊಳ್ಳುತ್ತದೆ. ಹಾರ್ಡ್‌ಡಿಸ್ಕ್‌ಗೆ ಇನ್ನೂ ಯಾವ ಬದಲಾವಣೆಯೂ ಆಗಿರುವುದಿಲ್ಲ. ವೈಫೈ, ಧ್ವನಿ, ಪ್ರಿಂಟರ್‌ಗಳನ್ನು ಸಾವಕಾಶವಾಗಿ ಪರೀಕ್ಷಿಸಿರಿ. ಕಗಪ ವಿನ್ಯಾಸವನ್ನು ಸೇರಿಸಿಕೊಂಡು ಕನ್ನಡ ಬರೆದು ನೋಡಿರಿ. ಒಪ್ಪಿಗೆಯಾಗದಿದ್ದರೆ ಪೆನ್‌ಡ್ರೈವ್ ಕಿತ್ತರಾಯಿತು, ಯಂತ್ರ ಮೊದಲಿನಂತೆಯೇ ಇರುತ್ತದೆ.

ಒಪ್ಪಿಗೆಯಾಗಿ ಸ್ಥಾಪಿಸಹೊರಟವರಿಗೆ ನಾವು ಒತ್ತಿ ಹೇಳುವ ಮಾತೊಂದಿದೆ. ಡಿಸ್ಕನ್ನು ಅಳಿಸಿ ಸ್ಥಾಪಿಸುವ ಆಯ್ಕೆಯನ್ನು ಒತ್ತಿದರೆ ಅದರಲ್ಲಿದ್ದ ಮದುವೆಯ ಚಿತ್ರಗಳೂ ಜಮೀನಿನ ಪತ್ರಗಳ ಪ್ರತಿಗಳೂ ಇಲ್ಲವಾಗುತ್ತವೆ. ಅವನ್ನು ಮುಂಚಿತವಾಗಿ ಮತ್ತೊಂದು ಡಿಸ್ಕ್‌ಗೆ ನಕಲಿಸಿ, ಅಲ್ಲಿ ತೆರೆಯುತ್ತವೆಯೇ ಎಂದು ನೋಡಿಕೊಳ್ಳಿರಿ. ನುಡಿಯ ಹಳೆಯ ಅಕ್ಷರಶೈಲಿಯಲ್ಲಿ ಬರೆದ ಕಡತಗಳಿದ್ದಲ್ಲಿ, ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿರಿ. ಯಂತ್ರಕ್ಕೆ ಬದಲಿ ದೊರೆತೀತು. ಹಿರಿಯರ ಚಿತ್ರಕ್ಕೆ ದೊರೆಯದು. ಈ ಕೆಲಸಕ್ಕೆ ಮನೆಯ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಯಂತ್ರದ ಒಳಗುಟ್ಟನ್ನು ಅವರು ಅರಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.