ಇಸವಿಯಿಲ್ಲದ ಬಿಲ್ಲೆಯ ಕಾಲ ತಿಳಿಯುವ ಬಗೆ

ಬ್ರಿಟಿಷ್ ಸೇನೆಯ ಹಳೆಯ ಟೋಪಿ ಬಿಲ್ಲೆಗಳ ಮೇಲೆ ಸಾಮಾನ್ಯವಾಗಿ ಇಸವಿ ಇರುವುದಿಲ್ಲ. ಆದರೂ ಬಲ್ಲವರು ಬಿಲ್ಲೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿ, ಅದರ ಕಾಲವನ್ನು ಹೆಚ್ಚುಕಡಿಮೆ ಸರಿಯಾಗಿ ಹೇಳುತ್ತಾರೆ. ಕಿರೀಟವಿದ್ದರೆ ಅವರ ಕಣ್ಣು ಮೊದಲು ಹೋಗುವುದು ಅಲ್ಲಿಗೆ.

1901ರಲ್ಲಿ ಏಳನೆಯ ಎಡ್ವರ್ಡ್ ಪಟ್ಟಕ್ಕೆ ಬಂದ ಮೇಲೆ ಸೇನಾ ಲಾಂಛನಗಳಲ್ಲಿ ಟ್ಯೂಡರ್ ಕಿರೀಟ ನೆಲೆಗೊಂಡಿತು. ಅದರ ಕಮಾನುಗಳು ಗುಮ್ಮಟದಂತೆ ದುಂಡಗೆ ಏಳುತ್ತವೆ. 1952ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ಎಲಿಜಬೆತ್ ಸೇಂಟ್ ಎಡ್ವರ್ಡ್ ಕಿರೀಟವನ್ನು ಆರಿಸಿಕೊಂಡರು. ಇದರ ಕಮಾನುಗಳು ನಡುವೆ, ಶಿಲುಬೆ ಹೊತ್ತ ಗೋಳದ ಬುಡದಲ್ಲಿ, ತಗ್ಗಾಗುತ್ತವೆ. ಸಂಗ್ರಹಕಾರರ ಮಾತಿನಲ್ಲಿ ಮೊದಲನೆಯದು ‘ಕಿಂಗ್ಸ್ ಕ್ರೌನ್’, ಎರಡನೆಯದು ‘ಕ್ವೀನ್ಸ್ ಕ್ರೌನ್’. ವಿಕ್ಟೋರಿಯಾ ಕಾಲದ ಕಿರೀಟಕ್ಕೆ ಒಂದೇ ಆಕಾರವಿಲ್ಲ. ಅಲ್ಲಿ ಹೆಚ್ಚು ಎಚ್ಚರ ಬೇಕು.

ಗುಮ್ಮಟದ ಕಿರೀಟವೊಂದೇ ಇದ್ದರೆ ಅರ್ಧ ಶತಮಾನದ ಅವಧಿಯಷ್ಟೇ ಸಿಕ್ಕಿತು. ಅದನ್ನು ಕಿರಿದಾಗಿಸಲು ರಾಜಾಂಕಿತ, ಅಂದರೆ ಅರಸನ ಹೆಸರಿನ ಹೆಣೆದ ಅಕ್ಷರಗಳು, ನೆರವಾಗುತ್ತವೆ. ರಾಯಲ್ ಎಂಜಿನಿಯರ್ಸ್ ದಳದ ಬಿಲ್ಲೆಯ ನಡುವೆ ಆಯಾ ಅರಸನ ಅಂಕಿತವಿರುತ್ತದೆ. ಜಾರ್ಜ್ ಹೆಸರಿನ ‘ಜಿ’ಗೂ ದೊರೆ ಎಂಬರ್ಥದ ‘ಆರ್’ಗೂ ನಡುವೆ ರೋಮನ್ ಐದು ಕಂಡರೆ 1910ರಿಂದ 1936ರ ಆಳ್ವಿಕೆ, ಆರು ಕಂಡರೆ 1936ರಿಂದ 1952ರದು.

ಇಲ್ಲೊಂದು ಸೂಕ್ಷ್ಮವಿದೆ. ಅರಸ ಸತ್ತ ಮರುದಿನವೇ ಉಗ್ರಾಣದ ಹಳೆಯ ಬಿಲ್ಲೆಗಳನ್ನು ಯಾರೂ ಎಸೆಯುತ್ತಿರಲಿಲ್ಲ. ಆದ್ದರಿಂದ ಚಿಹ್ನೆಯೊಂದು ‘ಇದಕ್ಕಿಂತ ಹಿಂದಿನದಲ್ಲ’ ಎಂದು ಗಟ್ಟಿಯಾಗಿ ಹೇಳಬಲ್ಲುದು; ‘ಇದಕ್ಕಿಂತ ಈಚಿನದಲ್ಲ’ ಎನ್ನುವಾಗ ಅದರ ದನಿ ಸ್ವಲ್ಪ ತಗ್ಗುತ್ತದೆ.

ಕಿರೀಟವೇ ಇಲ್ಲದಿದ್ದರೆ? ಲೆಸ್ಟರ್‌ಶೈರ್ ರೆಜಿಮೆಂಟಿನ ಬಿಲ್ಲೆಯಲ್ಲಿರುವುದು ಹುಲಿ, ಮೇಲೆ ‘ಹಿಂದೂಸ್ತಾನ್’ ಎಂಬ ಬರಹ. ಭಾರತದಲ್ಲಿ ಸುಮಾರು ಎರಡು ದಶಕ ಸೇವೆ ಮಾಡಿದ್ದಕ್ಕಾಗಿ 1825ರಲ್ಲಿ ಸಿಕ್ಕ ಗೌರವವದು. ಆಗ ಈ ದಳ 17ನೆಯ ಕಾಲಾಳು ರೆಜಿಮೆಂಟ್ ಆಗಿತ್ತು. ಕಾಲಾಳು ದಳಗಳು ಸಂಖ್ಯೆ ಬಿಟ್ಟು ಜಿಲ್ಲೆಯ ಹೆಸರು ತಾಳಿದ್ದು 1881ರ ಸುಧಾರಣೆಯಲ್ಲಿ. 1946ರಲ್ಲಿ ಹೆಸರಿಗೆ ‘ರಾಯಲ್’ ಸೇರಿತು. ಹಾಗಾಗಿ ಹುಲಿಯ ಕೆಳಗಿನ ಪಟ್ಟಿಯಲ್ಲಿ ಆ ಒಂದು ಪದ ಇದೆಯೋ ಇಲ್ಲವೋ ಎಂಬುದರಿಂದಲೇ ಎರಡನೇ ಮಹಾಯುದ್ಧದ ಈಚೆಯೋ ಆಚೆಯೋ ತಿಳಿಯುತ್ತದೆ.

ಲೋಹಕ್ಕೂ ಕಾಲವಿದೆ. ಹಿತ್ತಾಳೆಯ ಜೊತೆ ಬಿಳಿ ಲೋಹ ಬೆಸೆಯುತ್ತಿದ್ದ ಬಿಲ್ಲೆಗಳನ್ನು 1916ರಲ್ಲಿ ಉಳಿತಾಯಕ್ಕಾಗಿ ಬರೀ ಹಿತ್ತಾಳೆಯಲ್ಲಿ ಒತ್ತಿದರು. ಎರಡನೇ ಯುದ್ಧದಲ್ಲಿ ಲೋಹದ ಕೊರತೆಯಿಂದ ಪ್ಲಾಸ್ಟಿಕ್ ಬಿಲ್ಲೆಗಳೂ ಬಂದವು. 1950ರ ದಶಕದಿಂದ ಕಾಣುವುದು ಉಜ್ಜದೆಯೇ ಹೊಳೆಯುವ, ಬಣ್ಣಗಟ್ಟಿದ ಅಲ್ಯೂಮಿನಿಯಂ. ಕಿರೀಟದ ಸುಳಿವು ನಮ್ಮ ಬಿಲ್ಲೆಗಳಿಗೂ ಉಂಟು: ನಮ್ಮಲ್ಲಿ 1950ರಲ್ಲಿ ಗಣರಾಜ್ಯ ಬಂದಾಗ ಸೇನಾ ಲಾಂಛನಗಳ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು.

ನಕಲು ಹಿಡಿಯಲು ಬೆನ್ನು ನೋಡಬೇಕು. ಸಿಪಾಯಿಗಳ ಬಿಲ್ಲೆಯನ್ನು ತೆಳು ತಗಡಿನ ಮೇಲೆ ಅಚ್ಚು ಹೊಡೆದು ಮಾಡುತ್ತಿದ್ದರು. ಹಾಗಾಗಿ ಮುಂದೆ ಉಬ್ಬಿದ್ದು ಹಿಂದೆ ಕುಳಿಯಾಗಿರುತ್ತದೆ. ಅಸಲಿನಿಂದ ಪಡಿಯಚ್ಚು ತೆಗೆದು ಲೋಹ ಎರೆದರೆ, ಆರುವಾಗ ಅದು ಕುಗ್ಗುತ್ತದೆ: ಗೆರೆಗಳು ಮಂಕಾಗುತ್ತವೆ, ಅಳತೆ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ, ಮೈಮೇಲೆ ಸಣ್ಣ ಗುಳಿಗಳೂ ಕಾಣಬಹುದು. ಹಳೆಯ ಅಚ್ಚಿನಿಂದಲೇ ಮತ್ತೆ ಹೊಡೆದ ನಕಲು ಇನ್ನೂ ಕಷ್ಟ. ಅಲ್ಲಿ ಸವೆತವನ್ನು ನಂಬುವುದು ಒಳ್ಳೆಯದು. ಸಿಪಾಯಿ ದಿನವೂ ತಿಕ್ಕಿದ ಹಿತ್ತಾಳೆಯಲ್ಲಿ ಎತ್ತರದ ಭಾಗಗಳು ನುಣುಪಾಗಿ, ಸಂದುಗಳಲ್ಲಿ ಪಾಲಿಷ್ ಗಟ್ಟಿಕಟ್ಟಿರುತ್ತದೆ.

ಅದಕ್ಕೇ ಇಂಥ ಬಿಲ್ಲೆ ಕೈಗೆ ಸಿಕ್ಕಾಗ, ದೇವರ ದೀಪಕ್ಕೆ ಮಾಡುವಂತೆ ಹುಣಸೆಹಣ್ಣು ಹಾಕಿ ಬೆಳಗಬಾರದು ಎಂದು ನನ್ನ ಕೋರಿಕೆ. ಆ ಹುಳಿ ಸಂದಿನ ಹಳೆಯ ಪಾಲಿಷನ್ನೂ ಹಿತ್ತಾಳೆಯ ಕಾಲದ ಕಪ್ಪನ್ನೂ ಒಟ್ಟಿಗೆ ತೊಳೆದುಬಿಡುತ್ತದೆ. ಒಂದು ಚೀಟಿಯಲ್ಲಿ, ಯಾರ ಮನೆಯಿಂದ ಬಂತು, ಯಾರು ಧರಿಸಿದ್ದರು ಎಂದು ಬರೆದು ಜೊತೆಗಿಡಿ. ಆ ಎರಡು ಸಾಲನ್ನು ಕಿರೀಟವೂ ಹೇಳದು, ಬೆನ್ನೂ ಹೇಳದು.