ಉಳಿದ ಮದುವೆ, ಬಾಳಿದ ಮದುವೆ

ವಿಚ್ಛೇದನದ ಪ್ರಮಾಣ ಕಡಿಮೆ ಇರುವಲ್ಲಿ ದಾಂಪತ್ಯ ಗಟ್ಟಿಯಾಗಿರುತ್ತದೆ ಎಂದು ನಂಬುವುದು ನಮಗೆಲ್ಲ ರೂಢಿಯಾಗಿದೆ. ಭಾರತದ ಕ್ರೈಸ್ತ ಸಮುದಾಯದ ಅನುಭವವನ್ನು ಹತ್ತಿರದಿಂದ ನೋಡಿದರೆ ಈ ನಂಬಿಕೆ ಅಲುಗಾಡುತ್ತದೆ. ಅಲ್ಲಿ ಬಹುಕಾಲ ಮದುವೆಗಳು ಮುರಿಯದೆ ಉಳಿದದ್ದಕ್ಕೆ ಶ್ರದ್ಧೆಯೊಂದೇ ಕಾರಣವಾಗಿರಲಿಲ್ಲ. ಹೊರಬರುವ ಬಾಗಿಲನ್ನು ಕಾನೂನೇ ಮುಚ್ಚಿತ್ತು.

1869ರ ಭಾರತೀಯ ವಿಚ್ಛೇದನ ಕಾಯ್ದೆಯ ಪ್ರಕಾರ ಕ್ರೈಸ್ತ ಪತಿಯು ಪತ್ನಿಯ ವ್ಯಭಿಚಾರವೊಂದನ್ನು ಸಾಬೀತುಪಡಿಸಿದರೆ ಸಾಕಿತ್ತು. ಪತ್ನಿಯಾದರೋ ಸಾಮಾನ್ಯವಾಗಿ ವ್ಯಭಿಚಾರದ ಜತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. ದಿನವೂ ಹೊಡೆತ ತಿನ್ನುವ ಹೆಣ್ಣಿಗೆ ಕ್ರೌರ್ಯದ ಕಾರಣಕ್ಕೆ ನ್ಯಾಯಿಕ ಪ್ರತ್ಯೇಕತೆ ದೊರೆಯಬಹುದಿತ್ತೇ ವಿನಾ ಬಿಡುಗಡೆಯಲ್ಲ. ಈ ತಾರತಮ್ಯವನ್ನು ಕೇರಳ ಹೈಕೋರ್ಟ್ 1995ರಲ್ಲಿ ತಳ್ಳಿಹಾಕಿತು. 2001ರಲ್ಲಿ ಸಂಸತ್ತು ತಿದ್ದುಪಡಿ ತಂದು ಗಂಡು ಹೆಣ್ಣುಗಳಿಗೆ ಸಮಾನ ಆಧಾರಗಳನ್ನು ಒದಗಿಸಿತು, ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೂ ಅವಕಾಶ ಕಲ್ಪಿಸಿತು. ಆದರೆ ಅದಕ್ಕೂ ಎರಡು ವರ್ಷ ಪ್ರತ್ಯೇಕವಾಗಿರಬೇಕೆಂಬ ಷರತ್ತಿತ್ತು. ಹಿಂದೂ ವಿವಾಹ ಕಾಯ್ದೆಯಲ್ಲಿ ಒಂದೇ ವರ್ಷ ಸಾಕಾಗಿರುವಾಗ ಕ್ರೈಸ್ತರಿಗೇಕೆ ಎರಡು ಎಂಬ ಪ್ರಶ್ನೆಗೆ ಕೇರಳ ಹೈಕೋರ್ಟ್ 2010ರಲ್ಲಿ, ನಮ್ಮ ಕರ್ನಾಟಕ ಹೈಕೋರ್ಟ್ 2014ರಲ್ಲಿ ಉತ್ತರ ನೀಡಿ ಅವಧಿಯನ್ನು ಒಂದು ವರ್ಷಕ್ಕೆ ಇಳಿಸಿದವು.

ಕಾನೂನು ಹೀಗೆ ಸಡಿಲಗೊಳ್ಳುತ್ತ ಬಂದಿದ್ದರೂ ಕ್ರೈಸ್ತನ ಅಂತಃಸಾಕ್ಷಿಯ ಪ್ರಶ್ನೆ ಅಲ್ಲಿಗೆ ಮುಗಿಯುವುದಿಲ್ಲ. ದೇವರು ಕೂಡಿಸಿದ್ದನ್ನು ಮನುಷ್ಯನು ಅಗಲಿಸಬಾರದೆಂಬುದು ಯೇಸುವಿನ ಬೋಧನೆ. ಮತ್ತಾಯನ ಸುವಾರ್ತೆಯಲ್ಲಿ ದಾಂಪತ್ಯ ದ್ರೋಹಕ್ಕೆ ಸಂಬಂಧಿಸಿದ ಒಂದು ವಿನಾಯಿತಿ ಕಾಣುತ್ತದೆ. ಮಾರ್ಕನಲ್ಲಿ ಅದೂ ಇಲ್ಲ. ಬಹುತೇಕ ಪ್ರೊಟೆಸ್ಟೆಂಟ್ ಸಭೆಗಳು ವಿಚ್ಛೇದನವನ್ನು ದುಃಖದ ಅನಿವಾರ್ಯತೆಯೆಂದು ಒಪ್ಪುತ್ತವೆ. ಕ್ಯಾಥೊಲಿಕ್ ಧರ್ಮಸಭೆಗೆ ಮದುವೆ ಒಂದು ಸಂಸ್ಕಾರ. ಅದು ಮುರಿಯಲಾರದು, ಆದರೆ ಅದು ನಿಜಕ್ಕೂ ಏರ್ಪಟ್ಟಿತ್ತೇ ಎಂದು ವಿಚಾರಿಸಬಹುದು. ಸಭೆಯ ನ್ಯಾಯಮಂಡಳಿ ಮದುವೆಯನ್ನು ಅನೂರ್ಜಿತವೆಂದು ಘೋಷಿಸುವುದು ಈ ನೆಲೆಯಲ್ಲಿಯೇ. 2015ರಲ್ಲಿ ಅಂದಿನ ಪೋಪ್ ಫ್ರಾನ್ಸಿಸ್ ಈ ಪ್ರಕ್ರಿಯೆಯನ್ನು ಸರಳಗೊಳಿಸಿದರು. ಆದರೆ ಇಂಥ ಘೋಷಣೆ ದೇಶದ ಕಾನೂನಿನಲ್ಲಿ ವಿಚ್ಛೇದನಕ್ಕೆ ಸಮವಲ್ಲವೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಸ್ಪಷ್ಟಪಡಿಸಿದೆ. ಹೀಗಾಗಿ ನೊಂದವರು ಎರಡು ಕಟಕಟೆಗಳನ್ನು ಹತ್ತಿಳಿಯಬೇಕು.

ಆದರೂ ಸಭೆಯ ನ್ಯಾಯಮಂಡಳಿ ಕೇಳುವ ಪ್ರಶ್ನೆಗಳು ಎಲ್ಲ ಮತದವರಿಗೂ ಪಾಠವಾಗಬಲ್ಲವು. ಒಪ್ಪಿಗೆಯನ್ನು ಮನಃಪೂರ್ವಕವಾಗಿ ಕೊಟ್ಟಿದ್ದರೇ, ಒತ್ತಾಯ ಹಾಗೂ ಭಯದಿಂದಲೇ? ಮುಖ್ಯ ವಿಷಯವನ್ನು ಮುಚ್ಚಿಟ್ಟು ವಂಚಿಸಲಾಗಿತ್ತೇ? ದಾಂಪತ್ಯದ ಹೊಣೆಯನ್ನು ಅರಿತು ಹೊರುವ ಪ್ರೌಢಿಮೆ ಇಬ್ಬರಿಗೂ ಇತ್ತೇ? ಅಂದರೆ ಎಷ್ಟೋ ಮದುವೆಗಳ ಬಿರುಕು ಆರತಕ್ಷತೆಗೆ ಮುಂಚೆಯೇ ಮೂಡಿರುತ್ತದೆ. ಹುಡುಗನ ಕುಡಿತ, ಮನೆಯ ಸಾಲ, ಹುಡುಗಿಯ ಮನಸ್ಸಿನ ಅಸಮ್ಮತಿ ಇವೆಲ್ಲ ಹಿರಿಯರಿಗೆ ಗೊತ್ತಿದ್ದೂ ‘ಮದುವೆಯಾದ ಮೇಲೆ ಸರಿಹೋಗುತ್ತದೆ’ ಎಂಬ ಮಾತಿನಲ್ಲಿ ಮರೆಯಾಗುತ್ತವೆ. ಮದುವೆಯಾದ ಕೆಲವೇ ವಾರಗಳಲ್ಲಿ ಪತಿ ಕೊಲ್ಲಿ ದೇಶಕ್ಕೆ ಹೊರಟು, ಅಪರಿಚಿತರಂತೆಯೇ ವರ್ಷಗಟ್ಟಲೆ ದೂರವಿರುವ ದಂಪತಿಗಳು ಕರಾವಳಿಯವರಿಗೆ ಹೊಸಬರಲ್ಲ.

ಉಳಿದ ಮದುವೆಗಳೆಲ್ಲ ಬಾಳಿದ ಮದುವೆಗಳಲ್ಲ ಎಂಬುದಕ್ಕೆ 2011ರ ಜನಗಣತಿಯೂ ಸಾಕ್ಷಿ. ದೇಶದಲ್ಲಿ ಎಲ್ಲ ಮತಗಳವರೂ ಸೇರಿ ವಿಚ್ಛೇದಿತರು ಸುಮಾರು 13.6 ಲಕ್ಷವಿದ್ದರೆ, ವಿಚ್ಛೇದನವಿಲ್ಲದೆ ಬೇರೆಯಾಗಿ ಬದುಕುತ್ತಿದ್ದವರು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಇವರು ಅಂಕಿಅಂಶಗಳಲ್ಲಿ ವಿಚ್ಛೇದಿತರಲ್ಲ, ಬದುಕಿನಲ್ಲಿ ದಂಪತಿಗಳೂ ಅಲ್ಲ.

ಹಾಗಾದರೆ ಆಜೀವ ಬಾಂಧವ್ಯದ ಆದರ್ಶವನ್ನೇ ಕೈಬಿಡಬೇಕೇ? ಖಂಡಿತ ಬೇಕಿಲ್ಲ. ಸುಖದಲ್ಲೂ ಕಷ್ಟದಲ್ಲೂ ಜತೆಗಿರುತ್ತೇವೆಂದು ಸಭೆಯ ಮುಂದೆ ಕೊಟ್ಟ ಮಾತು ಮೊದಲ ಜಗಳಕ್ಕೇ ಬಾಗಿಲು ಹುಡುಕದಂತೆ ಮನುಷ್ಯನನ್ನು ತಡೆಯುತ್ತದೆ. ಕ್ಷಮೆ ಕೇಳುವ, ಕ್ಷಮಿಸುವ ಅಭ್ಯಾಸವನ್ನು ಶ್ರದ್ಧೆ ಕಲಿಸಬಲ್ಲದು. ಆದರೆ ಆ ಕ್ಷಮೆ ಎರಡೂ ಕಡೆಯಿಂದ ಬರಬೇಕು. ಹೆಣ್ಣೊಬ್ಬಳೇ ಹೊರುವ ಶಿಲುಬೆಗೆ ಸಹನೆಯೆಂದು ಹೆಸರಿಟ್ಟರೆ ಅದು ಸುವಾರ್ತೆಗೆ ಮಾಡುವ ಅಪಚಾರ. ಸಂಗಾತಿಯಿಂದ ಗಂಭೀರ ಅಪಾಯವಿದ್ದರೆ ಬೇರೆಯಾಗಿರಲು ಕ್ಯಾಥೊಲಿಕ್ ಧರ್ಮಸಂಹಿತೆಯೇ ಅನುಮತಿ ನೀಡುತ್ತದೆ ಎಂಬ ಸತ್ಯವನ್ನು ಪ್ರವಚನ ಪೀಠದಿಂದ ಎಷ್ಟು ಮಂದಿ ಕೇಳಿದ್ದಾರೆ?

ಮದುವೆಗೆ ಮುಂಚಿನ ತರಬೇತಿ ಶಿಬಿರಗಳು ಪ್ರಮಾಣಪತ್ರ ಹಂಚುವ ಶಾಸ್ತ್ರವಾಗದೆ, ದುಡ್ಡು, ಕುಡಿತ, ಅತ್ತೆಮನೆ, ಲೈಂಗಿಕತೆಗಳ ಬಗ್ಗೆ ಮುಚ್ಚುಮರೆಯಿಲ್ಲದೆ ಮಾತನಾಡುವ ವೇದಿಕೆಗಳಾಗಬೇಕು. ಮದುವೆಯ ನಂತರದ ಮೊದಲ ವರ್ಷಗಳಲ್ಲಿ ದಂಪತಿಗಳಿಗೆ ನುರಿತ ಆಪ್ತಸಮಾಲೋಚನೆ ಕೈಗೆಟುಕುವಂತಿರಬೇಕು. ಬೇರೆಯಾದವರಿಗೆ ಆರಾಧನೆಯ ಸಾಲಿನಲ್ಲಿ ತಲೆತಗ್ಗಿಸದೆ ಕೂರುವ ಜಾಗವೂ ಇರಬೇಕು. ಮುಚ್ಚಿದ ಬಾಗಿಲು ಮದುವೆಯನ್ನು ಉಳಿಸಬಹುದು. ಅದನ್ನು ಬಾಳಿಸುವುದು ಬಾಗಿಲು ತೆರೆದಿದ್ದರೂ ಒಳಗೇ ಇರಬೇಕೆಂದು ಇಬ್ಬರಿಗೂ ಅನ್ನಿಸುವ ಮನೆ ಮಾತ್ರ.